ಮುಂಗೊ ಮನೆಯಲ್ಲಿದ್ದ ನಾಲ್ಕು ತಿಂಗಳು

ಬಾನ್‌ಹಿಲ್, ಲೆವೆನ್ ಕಣಿವೆ, ಸ್ಕಾಟ್ಲೆಂಡ್
19 ಅಕ್ಟೋಬರ್ 1884, ಭಾನುವಾರ

ಮುಂಗೊ,

ಭಾನುವಾರ ದೇವರ ದಿನ, ಕಾಗದ ಬರೆಯಬಾರದು ಅಂತ ಗೊತ್ತು. ಬೇರೆ ದಿನ ಬಣ್ಣದ ಕಾರ್ಖಾನೆಯಿಂದ ಬರೋ ಹೊತ್ತಿಗೆ ಕೈ ಎತ್ತೋಕೆ ಆಗಲ್ಲ. ದೇವರು ಕ್ಷಮಿಸ್ತಾನೆ ಅಂದುಕೊಂಡಿದ್ದೀನಿ. ಕ್ಷಮಿಸದಿದ್ದರೆ ಆ ಪಾಪ ನಿನ್ನದು.

ಸೋಮವಾರ ನೀನು ಬುತ್ತಿ ಡಬ್ಬಿ ಬಿಟ್ಟು ಹೋಗಿದ್ದೆ. ಮರೆತಿದ್ದಾನೆ, ಹಸಿದುಕೊಂಡೇ ಕೆಲಸ ಮಾಡ್ತಿರ್ತಾನೆ ಅಂತ ಮಧ್ಯಾಹ್ನದ ಗಂಟೆ ಹೊಡೆದಾಗ ಅದನ್ನ ಹಿಡಕೊಂಡು ಗಂಡಸರ ಕಡೆಯ ಬಾಗಿಲಿಗೆ ಓಡಿದೆ. ನಿನ್ನ ಜೊತೆಯವರೆಲ್ಲ ನಕ್ಕರು. "ಗ್ರಿಜೆಲಕ್ಕ, ನಿನ್ ತಮ್ಮ ಇಷ್ಟೊತ್ತಿಗೆ ಇಂಗ್ಲೆಂಡಲ್ಲಿ ಮಾಂಸದ ಕಡುಬು ತಿಂತಿರ್ತಾನೆ, ಆ ಓಟ್ಸ್ ರೊಟ್ಟಿ ಇತ್ಲಾಗ್ ಕೊಡು" ಅಂತ ಒಬ್ಬ ಡಬ್ಬಿಗೇ ಕೈ ಹಾಕಿದ. ಕೊಡಲಿಲ್ಲ. ಮನೆಗೆ ವಾಪಸ್ ತಂದೆ. ಮೂರು ದಿನ ಇಟ್ಟುಕೊಂಡಿದ್ದೆ, ಯಾಕೋ.

ಹೇಳಿ ಹೋಗಬಾರದಿತ್ತಾ? ಇಪ್ಪತ್ತು ವರ್ಷದವನು, ನಿನ್ನನ್ನೇನು ಕಟ್ಟಿ ಹಾಕ್ತಿದ್ವಾ? ಹಾಕ್ತಿದ್ದೆ ಅನ್ಸುತ್ತೆ. ಆದರೂ.

ಹೋದ ವರ್ಷ ನಮ್ಮ ಫುಟ್‌ಬಾಲ್ ಆಟಗಾರರನ್ನ ದುಡ್ಡಿನಾಸೆ ತೋರಿಸಿ ಹಾರಿಸಿಕೊಂಡು ಹೋಗೋಕೆ ಬಂದ ಇಂಗ್ಲೆಂಡಿನ ದಲ್ಲಾಳಿಯನ್ನ ನದಿಗೆ ಎತ್ತಿ ಹಾಕಿದ್ರಲ್ಲ, ಅವನ ಒಂದು ಕಾಲು ಹಿಡಿದಿದ್ದು ನೀನೇ ತಾನೇ? ಈಗ ನೀನೇ ಅಂಥವರ ಹಿಂದೆ ಹೋದೆ ಅಂತ ಜನ ಅದನ್ನೇ ಎತ್ತಿ ಆಡ್ತಾರೆ. ನಾನು ತಲೆ ತಗ್ಗಿಸಿಕೊಂಡು ಓಡಾಡ್ತೀನಿ.

ಅಲ್ಲಿ ಹಾಸಿಗೆ ಒದ್ದೆ ಇದೆಯಾ ನೋಡು. ಒದ್ದೆ ಹಾಸಿಗೆಯಿಂದಲೇ ಅಪ್ಪನ ಎದೆ ಕೆಟ್ಟಿದ್ದು. ಅವ್ವ ಎರಡು ಸಲ ಕೆಮ್ಮಿದಳು, ಇಲ್ಲ, ಮೂರು ಸಲ. ನನ್ನ ಅಕ್ಷರ ನೋಡಿ ನಗಬೇಡ, ಒಂಬತ್ತಕ್ಕೇ ಶಾಲೆ ಬಿಟ್ಟವಳು. ಕಾಗದದ ಮೂಲೆಯಲ್ಲಿರೋದು ರಕ್ತ ಅಲ್ಲ, ಹೆದರಬೇಡ. ನನ್ನ ಹೆಬ್ಬೆಟ್ಟು. ಎಷ್ಟು ತೊಳೆದರೂ ಕಾರ್ಖಾನೆಯ ಈ ಕೆಂಪು ಹೋಗಲ್ಲ.

ನಿನ್ನ ಅಕ್ಕ
ಗ್ರಿಜೆಲ್

---

ಥಾರ್ನ್‌ಶಾ, ಲ್ಯಾಂಕಾಶೈರ್, ಇಂಗ್ಲೆಂಡ್
2 ನವೆಂಬರ್ 1884

ಅಕ್ಕ,

ಹಾಸಿಗೆ ಒಣಗಿದೆ. ಅದನ್ನೇ ಮೊದಲು ಬರೆದಿದೀನಿ ನೋಡು.

ಮನೆಯೊಡತಿ ಮಿಸೆಸ್ ಆಮ್ರಾಡ್, ಗಂಡ ಇಲ್ಲ, ಕಿವಿ ಮಂದ, ಕೈ ಧಾರಾಳ. ಗಿರಣಿಯಲ್ಲಿ ಕೆಲಸ ಕೊಟ್ಟಿದಾರೆ. ಕೆಲಸ ಅಂದರೆ ಹೆಸರಿಗೆ ಪೊರಕೆ ಹಿಡಕೊಂಡು ನಿಲ್ಲೋದು, ಆಡೋಕೆ ದುಡ್ಡು ಕೊಡೋದು ನಿಯಮಕ್ಕೆ ವಿರುದ್ಧ ನೋಡು. ಶುಕ್ರವಾರ ತಂಡದ ಸೆಕ್ರೆಟರಿ ಕ್ರಾಬ್‌ಟ್ರೀ ಬಂದು ಕೈ ಕುಲುಕ್ತಾನೆ. ಅವನು ಕೈ ಬಿಟ್ಟಾಗ ನನ್ನ ಕೈ ಖಾಲಿ ಇರಲ್ಲ. ಇದನ್ನ ಅವ್ವನಿಗೆ ಓದಬೇಡ.

ಇಲ್ಲಿನವರು ಚೆಂಡು ಸಿಕ್ಕರೆ ಗೂಳಿ ಥರ ತಲೆ ತಗ್ಗಿಸಿ ಓಡೋದೇ. ಮೊದಲ ದಿನ ನಾನು ನಮ್ಮೂರ ಹಾಗೆ ಪಕ್ಕದವನಿಗೆ ಚೆಂಡು ಕೊಟ್ಟೆ. "ಯಾಕೋ, ಹೆದರಿಕೊಂಡ್ಯಾ?" ಅಂತ ಜನ ಕೂಗಿದ್ರು. ಪಕ್ಕದವನು ಗೋಲು ಹೊಡೆದ. ಈಗ ಎಲ್ಲರೂ "ಮೇಷ್ಟ್ರೇ" ಅಂತಾರೆ. ಗಲ್ಲಿಯಲ್ಲಿ ಹೋಗ್ತಿದ್ದರೆ ಮುದುಕರೂ ಟೋಪಿ ಮುಟ್ಟಿಕೊಳ್ತಾರೆ ಅಕ್ಕ. ನನಗೆ!

ಕ್ರಾಬ್‌ಟ್ರೀಗೆ ನನ್ನ ಮೇಲೆ ಒಂದೇ ಸಿಟ್ಟು. ಎದುರಿನವರು ತಪ್ಪು ಆಡಿದರು ಅಂತ ಆಟಗಾರರು ಕೂಗಿ ಕೇಳದಿದ್ದರೆ ಆಟ ನಿಲ್ಲಿಸೋಕೆ ಅಂಪೈರ್ ಕೋಲು ಎತ್ತಲ್ಲ, ಗೊತ್ತಲ್ಲ. ಇಲ್ಲಿನವರು ಉಸಿರು ಬಿಟ್ಟರೂ ಕೂಗ್ತಾರೆ. ನಾನು ಕೂಗಲ್ಲ. "ಬಾಯಲ್ಲಿ ಏನ್ ಆಲೂಗಡ್ಡೆ ಇಟ್ಕೊಂಡಿದೀಯೇನೋ? ಕೂಗದಿದ್ರೆ ತಪ್ಪು ತಪ್ಪೇ ಅಲ್ಲ ಕಣೋ, ಆಟ ಹಂಗೇ ಮುಂದಕ್ ಹೋಗ್ಬಿಡುತ್ತೆ" ಅಂತಾನೆ. ಹೋಗಲಿ ಬಿಡಿ ಅಂತೀನಿ.

ಹೇಳಿದ್ದರೆ ನೀನು ಬಿಡ್ತಿರಲಿಲ್ಲ. ಅದಕ್ಕೇ.

ಮುಂಗೊ

---

ಬಾನ್‌ಹಿಲ್
8 ಮಾರ್ಚ್ 1885

ಮುಂಗೊ,

ವಾಚನಾಲಯದ ಬಾಗಿಲಿಗೆ ಗ್ಲ್ಯಾಸ್ಗೋದ ಫುಟ್‌ಬಾಲ್ ಸಂಘದಿಂದ ಪಟ್ಟಿ ಬಂದಿದೆ. ದುಡ್ಡಿಗೆ ಆಡೋಕೆ ಇಂಗ್ಲೆಂಡಿಗೆ ಹೋದವರ ಹೆಸರು. ಇವರು ಇನ್ನು ಸ್ಕಾಟ್ಲೆಂಡಿನ ಯಾವ ಮೈದಾನದಲ್ಲೂ ಚೆಂಡು ಮುಟ್ಟೋ ಹಾಗಿಲ್ಲವಂತೆ. ನಿನ್ನದು ಹದಿನೇಳನೇದು. ನನ್ನ ಜೊತೆ ಬಟ್ಟೆ ಮಡಿಸೋ ಬೆಥಿಯಾ ಓದಿ ಹೇಳಿದಳು. ನಂಬಿಕೆ ಆಗದೆ ನಾನೇ ಬೆರಳಿಟ್ಟು ಓದಿದೆ. ಬೆರಳಿಟ್ಟ ಕಡೆ ಕೆಂಪು ಕಲೆ ಆಗಿಹೋಯ್ತು. ಈಗ ರಸ್ತೆಯ ಆ ಬದಿಯಿಂದಲೂ ನಿನ್ನ ಹೆಸರೇ ಎದ್ದು ಕಾಣುತ್ತೆ. ನನ್ನ ಕೈಯಿಂದಲೇ ಆಯ್ತಲ್ಲ ಅಂತ ಎರಡು ದಿನ ಊಟ ಸೇರಲಿಲ್ಲ.

ಅವ್ವನಿಗೆ ಮೂರನೇ ಮನೆಯವರು ಹೇಳಿಬಿಟ್ಟಿದ್ದರು. "ಯಾಕೆ, ಅವನೇನು ಕದ್ದನಾ?" ಅಂದಳು, ಅಷ್ಟೇ. ಆಮೇಲೆ ಒಲೆ ಕಡೆ ಮುಖ ತಿರುಗಿಸಿ ಕೂತಳು.

ಕಾರ್ಖಾನೆಯಲ್ಲಿ ಈಗ ನವಿಲಿನ ಅಚ್ಚಿನ ಕೆಂಪು ಬಟ್ಟೆ, ಬೊಂಬಾಯಿ ಹಡಗಿಗೆ. ಅಷ್ಟು ದೂರ ಯಾರು ಉಡ್ತಾರೋ. ಅದು ಹೋದ ಕಡೆ ಸುಖವಾಗಿ ತಲುಪಿತು ಅಂತಾದರೂ ಲೆಕ್ಕಪತ್ರ ಬರುತ್ತೆ. ನಿನ್ನಿಂದ ಒಂದು ಸಾಲು ಇಲ್ಲ. ಕಾಲು ಮುರಿದಿದೆಯಾ? ಮುರಿದಿದ್ದರೆ ಯಾರ ಕೈಲಾದರೂ ಬರೆಸು.

ಗ್ರಿಜೆಲ್

---

ಥಾರ್ನ್‌ಶಾ
9 ಆಗಸ್ಟ್ 1885

ಅಕ್ಕ,

ಕಾಲು ಎರಡೂ ಇವೆ.

ಹೋದ ತಿಂಗಳ ದೊಡ್ಡ ಸುದ್ದಿ. ಇಂಗ್ಲೆಂಡಿನಲ್ಲಿ ದುಡ್ಡು ತಗೊಂಡು ಆಡೋದು ಈಗ ನಿಯಮಕ್ಕೆ ಸರಿ. ಪೊರಕೆ ವಾಪಸ್ ಕೊಟ್ಟೆ. ಕ್ರಾಬ್‌ಟ್ರೀ ಈಗ ಕೈ ಕುಲುಕಲ್ಲ, ಎಲ್ಲರೆದುರಿಗೇ ಲಕೋಟೆ ಕೊಡ್ತಾನೆ. ನನ್ನ ಕಸುಬು ಏನು ಅಂತ ಕೇಳಿದರೆ ಫುಟ್‌ಬಾಲ್ ಅಂತ ಹೇಳಬಹುದು. ಹೇಳಿ ನೋಡಿದೆ, ಕ್ಷೌರದಂಗಡಿಯಲ್ಲಿ. ಯಾರೂ ನಗಲಿಲ್ಲ.

ಒಂದೇ ತೊಡಕು. ಇಂಗ್ಲೆಂಡಿನ ತಂಡಗಳೆಲ್ಲ ಆಡೋ ದೊಡ್ಡ ಕಪ್ಪಿನ ಪಂದ್ಯಕ್ಕೆ ನನ್ನಂಥ ಹೊರಗಿನವನನ್ನ ಇಳಿಸಬೇಕಾದರೆ ಅವನು ಎರಡು ವರ್ಷ ಪೂರಾ ಇದೇ ಊರಲ್ಲಿ ವಾಸ ಇದ್ದಿರಬೇಕು. ನನಗೆ ಬರೋ ವರ್ಷ ಅಕ್ಟೋಬರಿಗೆ ಎರಡು ತುಂಬುತ್ತೆ. ಅಲ್ಲೀವರೆಗೆ ಕಪ್ಪಿನ ದಿನ ನಾನು ಕೋಟು ಹಾಕ್ಕೊಂಡು ಬೇಲಿ ಪಕ್ಕ ನಿಲ್ಲೋದು. ಬೇರೆ ಪಂದ್ಯ ಎಷ್ಟು ಆಡಿದರೂ ಜನ ಮರೀತಾರೆ ಅಕ್ಕ. ಕಪ್ಪಿನಲ್ಲಿ ಒಂದು ಸಲ ಆಡಬೇಕು ನಾನು. ಅಷ್ಟೇ ಬೇಕಿರೋದು.

ಮುಂಗೊ

---

ಬಾನ್‌ಹಿಲ್
30 ಆಗಸ್ಟ್ 1885

ಮುಂಗೊ,

ಎರಡು ವರ್ಷ ಅಂತ ಮೊದಲೇ ಹೇಳಬಾರದಿತ್ತಾ! ನಾನು ಜೀವಮಾನ ಪೂರ್ತಿ ಅಂದುಕೊಂಡು ಎಷ್ಟು ಸಂಕಟಪಟ್ಟೆ. ಕಸುಬು ಕಲಿಯೋರಿಗೆ ಇಷ್ಟು ವರ್ಷ ಅಂತ ಕಟ್ಟು ಇರುತ್ತಲ್ಲ, ಆಮೇಲೆ ಬಿಡುಗಡೆ, ಹಾಗೇ ತಾನೇ ಇದು? ಬರೋ ವರ್ಷ ಅಕ್ಟೋಬರಿಗೆ ಬಿಡ್ತಾರೆ. ಅವ್ವನಿಗೆ ಕೂಡಲೇ ಹೇಳಿದೆ. ಆವತ್ತಿನಿಂದ ಮಂಚದ ಹಲಗೆಗೆ ತಿಂಗಳಿಗೊಂದು ಸೀಮೆಸುಣ್ಣದ ಗೆರೆ ಎಳೀತೀನಿ ಅಂತಾಳೆ. ಒಂದು ಎಳೆದೂ ಆಯ್ತು. ಗಂಜಿ ಎರಡು ಬಟ್ಟಲು ಕುಡಿದಳು.

ನಾನು ತಪ್ಪು ತಿಳಿದಿದ್ದರೆ ಬರಿ. ಬರೆಯದಿದ್ದರೆ ಸರಿ ಅಂತಲೇ ತಿಳೀತೀನಿ.

ಗ್ರಿಜೆಲ್

---

ಥಾರ್ನ್‌ಶಾ
3 ಜನವರಿ 1886

ಅಕ್ಕ,

ತಡವಾಯ್ತು. ಅವ್ವನಿಗೆ ಶಾಲು ಕಳಿಸಿದೀನಿ, ಉಣ್ಣೆದು, ಒದ್ದೆ ಇಲ್ಲ. ನೀನು ಬರೆದದ್ದು ಓದಿದೆ. ಗೆರೆ ವಿಷಯವನ್ನೂ ಓದಿದೆ. ಎದುರಿಗೆ ಸಿಕ್ಕಾಗ ಮಾತಾಡೋಣ.

ಮುಂಗೊ

---

ಬಾನ್‌ಹಿಲ್
14 ಮಾರ್ಚ್ 1886

ಮುಂಗೊ,

ಅವ್ವ ಹಾಸಿಗೆ ಹಿಡಿದಿದ್ದಾಳೆ. ಶಾಲು ಹೊದ್ದೇ ಇದ್ದಾಳೆ. ಡಾಕ್ಟರು ನನ್ನ ಮುಖ ನೋಡದೆ ಮಾತಾಡಿದರು. ಬಾ.

ಗ್ರಿಜೆಲ್

---

ಥಾರ್ನ್‌ಶಾ
2 ಮೇ 1886

ಅಕ್ಕ,

ಬಂದು ತಲುಪಿದೆ. ಮಿಸೆಸ್ ಆಮ್ರಾಡ್ ಬಾಗಿಲು ತೆಗೆದು "ಬಂದ್ಯಾ, ಊಟ ಆರಿಹೋಯ್ತು" ಅಂದಳು, ಐದು ವಾರ ಅಲ್ಲ, ಐದು ನಿಮಿಷ ಹೋಗಿ ಬಂದವನ ಹಾಗೆ. ನನ್ನ ಪೆಟ್ಟಿಗೆ ಇಟ್ಟಲ್ಲೇ ಇತ್ತು, ಕೋಣೆಯೂ ಹಾಗೇ.

ತೀರಿಹೋದ ದಿನ ಅವ್ವ "ಇನ್ನೆಷ್ಟು ಗೆರೆ?" ಅಂದಳು. ನೀನು ನೀರಿಗೆ ಹೋಗಿದ್ದೆ. "ಆರು" ಅಂದೆ. "ಆರೇನಾ" ಅಂತ ನಕ್ಕಳು. ಇದನ್ನ ನಿನಗೆ ಅಲ್ಲಿ ಹೇಳೋಕೆ ಆಗಲಿಲ್ಲ.

ಒಂದು ಮಾತು. ನಾನು ಐದು ವಾರ ಊರಲ್ಲಿದ್ದದ್ದನ್ನ ಹೊರಗಿನವರ ಹತ್ತಿರ ಆಡಬೇಡ. ಯಾಕೆ ಅಂತ ಕೇಳಬೇಡ. ಚಿಂತೆ ಮಾಡೋಂಥದ್ದೇನಲ್ಲ.

ಮುಂಗೊ

---

ಬಾನ್‌ಹಿಲ್
16 ಮೇ 1886

ಮುಂಗೊ,

ಚಿಂತೆ ಮಾಡೋಂಥದ್ದಲ್ಲ ಅಂತ ನೀನು ಬರೆದಾಗಲೇ ನನಗೆ ನಿದ್ದೆ ಕೆಡೋದು.

ಹೇಳಬೇಡ ಅಂದರೆ? ಅವ್ವನ ಶವಕ್ಕೆ ಹೆಗಲು ಕೊಟ್ಟವನನ್ನ ಊರೆಲ್ಲ ನೋಡಿದೆ. ನಿನಗೆ ನಮ್ಮ ಮನೆ ನಾಚಿಕೆಯಾ? ಬಿಳಿ ಕಾಲರ್ ಹಾಕೋ ದೊಡ್ಡವರ ಜೊತೆ ಇರ್ತೀಯ, ಅಕ್ಕನ ಕೈ ಕೆಂಪು ಅಂತಲಾ? ಇಲ್ಲ, ನೀನು ಅಂಥವನಲ್ಲ. ಆ ಪಟ್ಟಿಯವರ ಹೆದರಿಕೆ ಇರಬೇಕು. ಹಾಗಿದ್ದರೆ ನೀನು ತಿಳಿದಿರೋದು ತಿರುಗಾಮುರುಗ. ವಾಚನಾಲಯದ ಡೂಗಲ್ ತಾತ ಹೇಳ್ತಿದ್ದರು, "ಅಲ್ಲೇ ಬೇರು ಬಿಟ್ಟೋರನ್ನ ಗ್ಲ್ಯಾಸ್ಗೋದೋರು ಸೇರ್ಸಲ್ಲ ಕಣಮ್ಮ. ಮನೆ ಬಿಡ್ದೆ ಬಂದು ಹೋಗಿ ಮಾಡ್ತಿದ್ದೋರ್ ಹೆಸರನ್ನ ತೆಗೆದ್ರೂ ತೆಗೀಬಹುದು" ಅಂತ. ನೀನು ಊರಿಗೆ ಬಂದದ್ದು ಎಷ್ಟು ಜನಕ್ಕೆ ಗೊತ್ತಾದರೆ ಅಷ್ಟು ಒಳ್ಳೇದಲ್ಲವಾ?

ಗೆರೆ ಎಳೆಯೋದನ್ನ ಈಗ ನಾನು ಮುಂದುವರಿಸಿದ್ದೀನಿ.

ಗ್ರಿಜೆಲ್

---

ಥಾರ್ನ್‌ಶಾ
21 ನವೆಂಬರ್ 1886

ಅಕ್ಕ,

ಆಡಿದೆ!

ನಿನ್ನೆ ಹಾಲ್‌ಬ್ರಿಗ್ ತಂಡದ ಮೇಲೆ, ಕಪ್ಪಿನ ಪಂದ್ಯ. ಅವರು ನಮಗಿಂತ ದೊಡ್ಡವರು, ಕಳೆದ ವರ್ಷ ನಮ್ಮನ್ನ ಒರೆಸಿ ಹಾಕಿದ್ದರು. ಮಳೆ, ಕೆಸರು, ಹೊಲದ ಅಂಚಿನವರೆಗೂ ಜನ. ಕೊನೇ ಹತ್ತು ನಿಮಿಷ ಇರುವಾಗ ಚೆಂಡು ನನ್ನ ಕಾಲಿಗೆ ಬಂತು. ಮೂರು ಜನ ನನ್ನ ಮೇಲೆ ಬಂದರು. ನಾನು ಕಾದೆ. ಕಾಯೋದು ಅಂದರೆ ಏನು ಅಂತ ನಿನಗೆ ಹೇಗೆ ಹೇಳಲಿ, ಎಲ್ಲರೂ ಕೂಗ್ತಿರ್ತಾರೆ, ನಿನ್ನ ಕಿವಿಗೆ ಏನೂ ಬೀಳಲ್ಲ. ಮೂವರೂ ಹತ್ತಿರ ಬಂದಮೇಲೆ ಚೆಂಡನ್ನ ಖಾಲಿ ಜಾಗಕ್ಕೆ ಮೆಲ್ಲಗೆ ತಳ್ಳಿದೆ. ನಮ್ಮ ಹುಡುಗ ಓಡಿ ಬಂದು ಹೊಡೆದ. ಎರಡಕ್ಕೆ ಒಂದು. ನನ್ನನ್ನ ಹೆಗಲ ಮೇಲೆ ಹೊತ್ತು ಊರೊಳಗೆ ತಂದರು. ಮಿಸೆಸ್ ಆಮ್ರಾಡ್ ಕಿಟಕಿಯಿಂದ "ಯಾರು ಸತ್ತಿದ್ದು?" ಅಂತ ಕೇಳಿದಳು.

ಎರಡು ವರ್ಷ ಹೋದ ತಿಂಗಳೇ ತುಂಬಿತು. ನೀನು ಏನು ಕೇಳ್ತೀಯ ಅಂತ ಗೊತ್ತು. ಮುಂದಿನ ಸುತ್ತು ಮುಗೀಲಿ.

ಮುಂಗೊ

---

ಬಾನ್‌ಹಿಲ್
28 ನವೆಂಬರ್ 1886

ಮುಂಗೊ,

ಮುಂದಿನ ಸುತ್ತು, ಆಮೇಲೆ ಅದರ ಮುಂದಿನದು. ಗೆರೆ ಮುಗಿದು ಹಲಗೆಯಲ್ಲಿ ಜಾಗ ಉಳಿದಿದೆ. ಆದರೆ ಇವತ್ತು ನಾನು ಅಳ್ತಾ ಬರೀತಿಲ್ಲ. ಒಂದು ಸಂತೋಷದ ವಿಷಯ, ಗುಟ್ಟಾಗಿ.

ಗುರುವಾರ ಒಬ್ಬರು ದೊಡ್ಡ ಮನುಷ್ಯರು ಮನೆಗೆ ಬಂದರು. ಎತ್ತರದ ಟೋಪಿ, ಕೈಯಲ್ಲಿ ಸಣ್ಣ ಪುಸ್ತಕ. ನಾನು ಆಗತಾನೇ ಕಾರ್ಖಾನೆಯಿಂದ ಬಂದಿದ್ದೆ, ಕೂದಲು ನೋಡೋ ಹಾಗಿರಲಿಲ್ಲ. ಎಲ್ಲಿಂದ ಬಂದಿರಿ ಅಂದರೆ "ಗ್ಲ್ಯಾಸ್ಗೋದಿಂದ ರೈಲಲ್ಲಿ ಬಂದೆ ತಾಯಿ" ಅಂದರು. ಫುಟ್‌ಬಾಲ್ ವಿಷಯವಾ ಅಂದೆ. "ಬೇರೆ ಇನ್ನೇನು, ನಿಮ್ಮ ತಮ್ಮನಂಥ ಆಟಗಾರ ಹತ್ತು ವರ್ಷಕ್ಕೊಬ್ಬ" ಅಂದರು. ನನಗೆ ಆಗಲೇ ಗೊತ್ತಾಯ್ತು, ಪಟ್ಟಿಯವರು. ನಿನ್ನ ಹೆಸರು ತೆಗೆಯೋಕೆ ವಿಚಾರಣೆ ಮಾಡೋಕೆ ಬಂದಿದ್ದಾರೆ.

"ಅವನು ಈ ಮನೆಯವನೇ ಅನ್ನಬಹುದಾ, ಬಂದು ಹೋಗಿ ಮಾಡ್ತಾನಾ?" ಅಂತ ಕೇಳಿದರು. ಯಾಕೆ ಅನ್ನಬಾರದು ಸ್ವಾಮಿ, ಬನ್ನಿ ಅಂತ ಒಳಗೆ ಕರೆದು ನಿನ್ನ ಮಂಚ ತೋರಿಸಿದೆ. ಮಂಚದ ಕೆಳಗಿನ ಹಳೇ ಬೂಟು ತೋರಿಸಿದೆ. ಹೋದ ವಾರವಷ್ಟೇ ಅದಕ್ಕೆ ಕೊಬ್ಬು ಸವರಿ ಇಟ್ಟಿದ್ದೆ, ಒಳ್ಳೇದೇ ಆಯ್ತು, ನಿನ್ನೆ ಬಿಚ್ಚಿಟ್ಟ ಹಾಗೆ ಹೊಳೀತಿತ್ತು. ಅವರು ತುಂಬ ಖುಷಿಪಟ್ಟರು. ಎಷ್ಟು ದಿನ ಇದ್ದ ಅಂತ ಕೇಳಿದರು. ಹೇಳಿದೆ. ಅವರು ಬರೆದರು, ಓದಿ ಹೇಳಿದರು, ನಾನು ಸಹಿ ಮಾಡಿದೆ. ಅದರಲ್ಲಿ ಏನಿದೆ ಅಂತ ನಿನಗೆ ಹೇಳಲ್ಲ, ಬೈತೀಯ. ಪಟ್ಟಿಯಿಂದ ಹೆಸರು ಹೋದಮೇಲೆ ನೀನೇ ನಗ್ತೀಯ.

ಆದರೂ ಅವರಿಗೆ ಟೀ ಕೊಡೋದು ಮರೆತೆ. ಅದರಿಂದ ಏನಾದರೂ ಕೆಡುತ್ತಾ?

ಗ್ರಿಜೆಲ್

---

ಥಾರ್ನ್‌ಶಾ
5 ಡಿಸೆಂಬರ್ 1886

ಅಕ್ಕ,

ಟೀ ಕೊಡದಿದ್ದರಿಂದ ಏನೂ ಕೆಡಲಿಲ್ಲ.

ನನಗೆ ಮಂಡಿ ಉಳುಕಿದೆ. ಮುಂದಿನ ಸುತ್ತು ಆಡಲ್ಲ. ಈ ವರ್ಷ ಆಡೋದೇ ಅನುಮಾನ. ತಂಡದವರೂ ಬೇರೆಯವರನ್ನ ನೋಡ್ಕೊಂಡಿದಾರೆ. ಡಾಕ್ಟರು ಬೇಡ, ಔಷಧಿ ಕಳಿಸಬೇಡ, ಅಂಥ ನೋವಿಲ್ಲ.

ಆ ದೊಡ್ಡ ಮನುಷ್ಯರ ವಿಷಯ ಯಾರ ಹತ್ತಿರವೂ ಮಾತಾಡಬೇಡ.

ಮುಂಗೊ

---

ಬಾನ್‌ಹಿಲ್
19 ಡಿಸೆಂಬರ್ 1886

ಮುಂಗೊ,

ನಿನ್ನ ಮಂಡಿಗೆ ಏನೂ ಆಗಿಲ್ಲ.

ನಿನ್ನೆ ವಾಚನಾಲಯದಲ್ಲಿ ಡೂಗಲ್ ತಾತ ಪೇಪರು ಓದಿದರು. ಗಟ್ಟಿಯಾಗಿ ಓದೋದು ಅವರ ಅಭ್ಯಾಸ, ನಾನು ಬಾಗಿಲಲ್ಲಿದ್ದೆ ಅಂತ ಅವರಿಗೆ ಗೊತ್ತಿರಲಿಲ್ಲ. ಥಾರ್ನ್‌ಶಾ ತಂಡವನ್ನ ಕಪ್ಪಿನಿಂದ ತೆಗೆದುಹಾಕಿದ್ದಾರೆ. ಗೆದ್ದ ಪಂದ್ಯ ಸೋತ ತಂಡಕ್ಕೆ ಹೋಯ್ತು. ಮುಂಗೊ ಗಾಲ್ಬ್ರೆತ್ ಅನ್ನೋ ಆಟಗಾರ ಎರಡು ವರ್ಷದಲ್ಲಿ ನಾಲ್ಕು ತಿಂಗಳು ಸ್ಕಾಟ್ಲೆಂಡಿನ ಮನೆಯಲ್ಲೇ ಇದ್ದ, ಅವನ ಸ್ವಂತ ಅಕ್ಕನೇ ಬರೆದುಕೊಟ್ಟಿದ್ದಾಳೆ. ಅಷ್ಟು ಓದಿ ತಾತ ತಲೆ ಎತ್ತಿದರು. ನನ್ನನ್ನ ನೋಡಿದರು. ಪೇಪರು ಮಡಿಸಿದರು.

ಬೆಥಿಯಾ ಬಾಯಿ ಸುಮ್ಮನಿರುತ್ತಾ? "ನಮ್ ಗಂಡಸ್ರು ಹನ್ನೊಂದ್ ಜನ ಸೇರಿ ಮಾಡಕ್ಕಾಗ್ದೇ ಇದ್ದಿದ್ನ ನೀನೊಬ್ಳೇ ಮಾಡ್ದೆ ಬಿಡೇ, ಇಂಗ್ಲೆಂಡಿನ್ ತಂಡಾನೇ ಕೆಡವ್ಬಿಟ್ಟೆ" ಅಂದಳು. ತಮಾಷೆಗೇ ಅಂದಿದ್ದು. ಆಮೇಲೆ ನನ್ನ ಮುಖ ನೋಡಿ ನನ್ನ ಪಾಲಿನ ಬಟ್ಟೆಯನ್ನೂ ಅವಳೇ ಮಡಿಸಿದಳು.

ಮುಂಗೊ, ಆ ಟೋಪಿಯವರು ದೂರು ಕೊಟ್ಟ ಹಾಲ್‌ಬ್ರಿಗ್‌ನವರು. ಗ್ಲ್ಯಾಸ್ಗೋದಲ್ಲಿ ರೈಲು ಬದಲಾಯಿಸಿರಬೇಕು, ಅಷ್ಟೇ. ಅವರು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ನಾನು. ಐದು ವಾರ ಅಂತ ಬಾಯಿಗೆ ಬಂದಿತ್ತು. ಐದು ವಾರ ಇದ್ದವನನ್ನ ಮನೆಯವನು ಅಂತಾರಾ ಅನ್ನಿಸಿತು. ನಾಲ್ಕು ತಿಂಗಳು ಅಂದುಬಿಟ್ಟೆ. ಹೊಸ ವರ್ಷಕ್ಕೂ ಬಂದಿದ್ದ, ಬೇಸಿಗೆಗೂ ಬಂದಿದ್ದ ಅಂದೆ. ಗೊತ್ತಿಲ್ಲದೆ ಹೇಳಿದ್ದಲ್ಲ. ಶಾಲೆ ಬಿಟ್ಟವಳಾದರೂ ಅವ್ವನ ಗೆರೆ ಎಣಿಸಿದವಳು ನಾನು, ತಿಂಗಳು ಅಂದರೆ ಎಷ್ಟು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಕಂತಲೇ ಬರೆಸಿದೆ. ನೀನು ಬರಲಿ ಅಂತ. ನಿನ್ನನ್ನ ಮನೆಗೆ ತರೋಕೆ ಹೋಗಿ ನಿನ್ನ ಕಪ್ಪನ್ನೇ ಕಿತ್ತುಕೊಂಡೆ.

ಆ ಕಮಿಟಿಯವರ ವಿಳಾಸ ಕಳಿಸು. ನಾನೇ ಬಂದು ಸುಳ್ಳಿ ಅಂತ ಹೇಳ್ತೀನಿ. ನಾನು ರೈಲು ಹತ್ತಿದವಳಲ್ಲ, ಆದರೂ ಬರ್ತೀನಿ.

ಗ್ರಿಜೆಲ್

---

ಥಾರ್ನ್‌ಶಾ
24 ಡಿಸೆಂಬರ್ 1886

ಅಕ್ಕ,

ಎಲ್ಲೂ ಬರಬೇಡ. ಕೂತು ಓದು.

ನಿನ್ನ ಗುಟ್ಟಿನ ಕಾಗದ ಬಂದ ಎರಡು ದಿನಕ್ಕೆ ವಿಚಾರಣೆ ಇತ್ತು. ಹೋಟೆಲಿನ ಮಹಡಿ ಮೇಲೆ, ಉದ್ದ ಮೇಜು, ಏಳು ಜನ. ಮಿಸೆಸ್ ಆಮ್ರಾಡ್ ನನ್ನ ಪರ ಹೇಳಿದಳು, ಇವನ ಪೆಟ್ಟಿಗೆ ನನ್ನ ಮನೆ ಬಿಟ್ಟು ಕದಲಿಲ್ಲ ಅಂತ. ಅದು ನಿಜವೇ. ಆಮೇಲೆ ಅಧ್ಯಕ್ಷರು ಒಂದು ಹಾಳೆ ನನ್ನ ಮುಂದೆ ತಳ್ಳಿದರು. ಓದೋ ಮೊದಲೇ ನೋಡಿದೆ, ಮೂಲೆಯಲ್ಲಿ ಕೆಂಪು ಹೆಬ್ಬೆಟ್ಟು.

"ತಾಯಿ ಸಾವಿಗೆ ಅಂತ ಒಂದು ತಿಂಗಳು ಹೋಗಿದ್ರೆ ನಾವ್ಯಾರೂ ಅದನ್ನ ಎತ್ತಿ ಆಡೋರಲ್ಲಪ್ಪ. ಇದು ನಾಲ್ಕು ತಿಂಗಳು ಅಂತಿದೆ. ನಿಜವಾ?" ಅಂದರು. ಒಳ್ಳೆಯವರೇ. ಕ್ರಾಬ್‌ಟ್ರೀ ನನ್ನ ಕಿವಿಗೆ ಬಾಗಿದ. "ಹೇಳೋ, ಅಕ್ಕ ಶಾಲೆ ಕಂಡೋಳಲ್ಲ, ವಾರ ಯಾವುದು ತಿಂಗಳು ಯಾವುದು ತಿಳಿಯಲ್ಲ ಅಂತ. ಒಂದೇ ಮಾತು, ಮುಗೀತು, ಶನಿವಾರ ಆಡ್ತೀಯ" ಅಂದ.

ಒಂದೇ ಮಾತು ನಿಜ. ಬಾಯಿ ತೆರೆದೆ ಕೂಡ. ಅಪ್ಪ ಹೋದಮೇಲೆ ಇಬ್ಬರಲ್ಲಿ ಒಬ್ಬರು ಕಾರ್ಖಾನೆಗೆ ಹೋಗಬೇಕಾಯ್ತು, ಒಂಬತ್ತು ವರ್ಷದವಳು ಹೋದಳು. ನಾನು ಹನ್ನೆರಡರವರೆಗೆ ಶಾಲೆಗೆ ಹೋದೆ. ಅದು ಆ ಏಳು ಜನಕ್ಕೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತಲ್ಲ.

ಅಕ್ಕ ಬರೆದದ್ದು ಸರಿ ಅಂದೆ.

ನೀನು ತಪ್ಪು ಮಾಡಿದೆ ಅಂತ ಕೂಗಬೇಕಾಗಿದ್ದವನು ನಾನೊಬ್ಬನೇ. ನಾನು ಕೂಗಲ್ಲ, ನಿನಗೆ ಗೊತ್ತು.

ನಾನೂ ಒಂದು ಮುಚ್ಚಿಟ್ಟೆ. ಎರಡು ವರ್ಷ ಅಂದರೆ ಬಿಡುಗಡೆ ಅಲ್ಲ, ಅಲ್ಲಿಂದಲೇ ಶುರು ಅಂತ ನಿನಗೆ ಬರೆಯಲಿಲ್ಲ. ಬರೆದಿದ್ದರೆ ಅವ್ವ ಗೆರೆ ಎಳೀತಿರಲಿಲ್ಲ, ನೀನು ಸಹಿ ಮಾಡ್ತಿರಲಿಲ್ಲ. ನೀನು ಸಂಕಟಪಡ್ತೀಯ ಅಂತ ಸುಮ್ಮನಿದ್ದೆ ಅಂದುಕೊಂಡಿದ್ದೆ. ಅಲ್ಲ. ನಿನ್ನ ಸಂಕಟ ಓದೋದು ನನಗೆ ಬೇಕಿರಲಿಲ್ಲ.

ಇಲ್ಲಿ ನನ್ನ ಕೆಲಸ ಮುಗೀತು. ಟೋಪಿ ಮುಟ್ಟಿಕೊಳ್ತಿದ್ದ ಮುದುಕರು ಈಗ ಬೇರೆ ಕಡೆ ನೋಡ್ತಾರೆ. ಅವರದೂ ತಪ್ಪಲ್ಲ, ಆ ಕಪ್ಪು ಅವರದೂ ಆಗಿತ್ತು.

ನೀನು ಸಹಿ ಮಾಡಿದ ಹಾಳೆಯಲ್ಲಿ ಮುಂಗೊ ನಾಲ್ಕು ತಿಂಗಳು ಮನೆಯಲ್ಲಿದ್ದ ಅಂತ ಇದೆ. ಅದು ಸುಳ್ಳಾಗಿ ಉಳಿಯೋದು ಬೇಡ. ಬರೋ ಶುಕ್ರವಾರದ ರೈಲಿಗೆ ಬರ್ತೀನಿ. ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್. ಇದ್ದುಬಿಡ್ತೀನಿ. ಆಮೇಲಿನದು ಆಮೇಲೆ.

ಮುಂಗೊ

---

ಮನೆ
2 ಮೇ 1887, ಸೋಮವಾರ

ಮುಂಗೊ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯೋದು ಹುಚ್ಚು. ಎದುರಿಗೆ ನಿಂತರೆ ನನ್ನ ಬಾಯಿಂದ ಬೇರೇನೋ ಬರುತ್ತೆ, ಅದಕ್ಕೇ ನೀನು ಕಾರ್ಖಾನೆಗೆ ಒಯ್ಯೋ ಬುತ್ತಿ ಡಬ್ಬಿಯಲ್ಲಿಟ್ಟಿದ್ದೀನಿ. ಇದರ ಜೊತೆ ಇನ್ನೊಂದು ಕಾಗದ ಇದೆ, ನಿನ್ನ ಹೆಸರಿಗೆ ಬಂದದ್ದು. ಗುರುವಾರವೇ ಬಂತು. ಒಡೆದು ಓದಿದೆ, ನಾಲ್ಕು ದಿನ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಸುಳ್ಳು ಹೇಳಲ್ಲ.

ಹಾಲ್‌ಬ್ರಿಗ್‌ನವರು. ಅವರ ತಂಡಕ್ಕೆ ಬಾ ಅಂತಾರೆ. ಕೆಳಗೆ ಸಹಿ ಆ ಟೋಪಿಯವರದೇ. ಅವರ ಮೇಲೆ ಸಿಟ್ಟು ಬರಬೇಕಿತ್ತು. ನಿನ್ನನ್ನ ಹೊಗಳಿದ್ದು ಓದಿ ಅಳು ಬಂತು.

ಶನಿವಾರಕ್ಕೆ ನಾಲ್ಕು ತಿಂಗಳು ತುಂಬಿತು. ನಾನು ಬರೆದುಕೊಟ್ಟದ್ದು ಈಗ ನಿಜ. ಇನ್ನು ನೀನು ಇರೋದಕ್ಕೆ ನನ್ನ ಸಹಿ ಕಾರಣ ಆಗಬಾರದು. ಶನಿವಾರ ಮಧ್ಯಾಹ್ನ ನೀನು ಸೇತುವೆ ಮೇಲೆ ಮೈದಾನಕ್ಕೆ ಬೆನ್ನು ಮಾಡಿ ನಿಲ್ಲೋದನ್ನ ನೋಡಿದ್ದೀನಿ. ಜನ ಕೂಗಿದಾಗ ನಿನ್ನ ಕಾಲು ತಾನಾಗಿ ಅಲ್ಲಾಡುತ್ತೆ. ನಾನು ಮನೆಗೆ ಬೇಕು ಅಂದದ್ದು ಆ ಬೆನ್ನನ್ನಲ್ಲ.

ಹೋಗೋದಾದರೆ ಹೋಗು. ಒಂದೇ ಕೇಳಿಕೆ. ಈ ಸಲ ಹೇಳಿ ಹೋಗು. ಡಬ್ಬಿ ತಗೊಂಡು ಹೋಗು.

ಗ್ರಿಜೆಲ್

---

(ಅದೇ ಹಾಳೆಯ ಹಿಂಬದಿ)

ಅಕ್ಕ,

ಎರಡೂ ಓದಿದೆ. ಹಾಲ್‌ಬ್ರಿಗ್‌ನವರ ಊರಿಗೆ ಹೋದರೆ ಕಪ್ಪಿಗೆ ಮತ್ತೆ ಎರಡು ವರ್ಷ ಅಲ್ಲೇ ವಾಸ ಇದ್ದು ತೋರಿಸಬೇಕು, ಮೊದಲಿಂದ. ಎರಡು ವರ್ಷ ಒಂದೇ ಊರಲ್ಲಿ ಇರಲೇಬೇಕು ಅಂದರೆ ಇಲ್ಲೇ ಇರ್ತೀನಿ.

ಶನಿವಾರ ಸೇತುವೆಗೆ ನೀನೂ ಬಾ. ಮೈದಾನದ ಕಡೆ ತಿರುಗಿ ನಿಲ್ಲೋಣ. ಯಾರು ಏನು ತಪ್ಪು ಆಡ್ತಿದಾರೆ ಅಂತ ಹೇಳ್ತೀನಿ, ನೀನು ಕೂಗು.

ರೊಟ್ಟಿಗೆ ಉಪ್ಪಿಲ್ಲ. ನನ್ನ ಹೆಬ್ಬೆಟ್ಟೂ ಹಾಳೆಗೆ ತಾಗಿದೆ, ನೋಡ್ಕೋ. ರಕ್ತ ಅಲ್ಲ.

ಮುಂಗೊ